ದುಬೈ ಕೆಲಸಕ್ಕೆ ತಮ್ಮನನ್ನು ವಿಸಿಟ್ ವೀಸಾದಲ್ಲಿ ಕಳಿಸಬಹುದಾ?

ಬೇಡ, ಕಳಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿ, ಆದರೆ ಓದಿ ಮುಗಿಸುವ ತನಕ ಆ ಏಜೆಂಟ್ ಕೈಗೆ ದುಡ್ಡನ್ನಾಗಲಿ ಪಾಸ್‌ಪೋರ್ಟನ್ನಾಗಲಿ ಕೊಡಬೇಡಿ.

ನೀವು ಬರೆದದ್ದು ಹೀಗಿದೆ. ತಮ್ಮನಿಗೆ 23 ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಹಾವೇರಿಯಲ್ಲಿ ಟೈಲ್ಸ್ ಕೆಲಸ ಮಾಡುತ್ತಾನೆ. ಪರಿಚಯದ ಏಜೆಂಟ್ ಒಬ್ಬರು ದುಬೈಯಲ್ಲಿ 1,800 ದಿರ್ಹಂ ಸಂಬಳದ ಕೆಲಸ ಇದೆ, 1,40,000 ರೂಪಾಯಿ ಕೊಡಿ, ಮೊದಲು ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಹೋದಮೇಲೆ ಕೆಲಸದ ವೀಸಾಕ್ಕೆ ಬದಲಾಯಿಸುತ್ತೇವೆ ಅಂದಿದ್ದಾರೆ. ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಅಂತ ಬರೆದಿದೆ, ಅದರಿಂದ ತೊಂದರೆನಾ ಅಂತಲೂ ಕೇಳಿದ್ದೀರಿ.

ನಾನು ಪುತ್ತೂರು ಕಡೆಯವನು. 2011ರಲ್ಲಿ ಇದೇ ದಾರಿಯಲ್ಲಿ ಹೋದವನು. ಐಟಿಐ ಎಲೆಕ್ಟ್ರಿಷಿಯನ್ ಕೆಲಸ ಅಂತ ಹೇಳಿ ಒಬ್ಬರು 1,10,000 ತೆಗೆದುಕೊಂಡರು. ಅಮ್ಮನ ಕರಿಮಣಿ ಸರ ಬಿಟ್ಟು ಉಳಿದ ಬಂಗಾರವೆಲ್ಲ ಸೊಸೈಟಿಯಲ್ಲಿ ಅಡವಿಗೆ ಹೋಯಿತು. ಶಾರ್ಜಾಕ್ಕೆ ವಿಸಿಟ್ ವೀಸಾದಲ್ಲಿ ಇಳಿದೆ, ಎರಡು ತಿಂಗಳು ಕೆಲಸ ಮಾಡಿಸಿದರು, ವೀಸಾ ಇನ್ನೂ ಆಗಿಲ್ಲ ಅಂತ ಸಂಬಳ ಕೊಡಲಿಲ್ಲ. ವಿಸಿಟ್ ಮುಗಿಯುವ ಹೊತ್ತಿಗೆ ಇರಾನಿನ ಕಿಶ್ ದ್ವೀಪಕ್ಕೆ ಕಳಿಸಿದರು. ಆಗ ಹೊಸ ವೀಸಾ ಬರುವ ತನಕ ದೇಶದ ಹೊರಗೆ ಕಾಯಬೇಕಾಗಿತ್ತು, ಬಹಳ ಜನ ಅಲ್ಲಿಗೇ ಹೋಗುತ್ತಿದ್ದರು. ಒಂದು ರೂಮಿನಲ್ಲಿ ಎಂಟು ಜನ, ಎಲ್ಲರದ್ದೂ ಒಂದೇ ಮಾತು, ಇವತ್ತು ಬರುತ್ತದೆ, ನಾಳೆ ಬರುತ್ತದೆ. ನಾನು 19 ದಿನ ಕಾದೆ. ಕೊನೆಗೆ ಬಂದ ವೀಸಾದಲ್ಲಿ ಎಲೆಕ್ಟ್ರಿಷಿಯನ್ ಅಂತ ಇರಲಿಲ್ಲ, ಕ್ಲೀನರ್ ಅಂತ ಇತ್ತು. ಮೂಲ ಸಂಬಳ 600 ದಿರ್ಹಂ. ವಾಪಸ್ ಬರೋಣ ಅಂದರೆ ಅಡವಿಟ್ಟ ಬಂಗಾರ ಕಣ್ಣ ಮುಂದೆ ಬರುತ್ತಿತ್ತು. ಎರಡು ವರ್ಷ ಅಲ್ಲೇ ಕಳೆದೆ. 2014ರಲ್ಲಿ ಬೇರೆ ಕಂಪನಿಗೆ ಸರಿಯಾದ ಕೆಲಸದ ವೀಸಾದಲ್ಲಿ, ಒಂದು ರೂಪಾಯಿ ಕೊಡದೆ ಹೋದೆ. ಈಗ ದುಬೈಯ ಅಲ್ ಕೂಸ್‌ನಲ್ಲಿ ಒಂದು ಮೇಂಟೆನೆನ್ಸ್ ಕಂಪನಿಯ ಆಫೀಸಿನಲ್ಲಿದ್ದೇನೆ, ಹೊಸಬರ ವೀಸಾ ಕಾಗದಗಳು ದಿನಾ ನನ್ನ ಕೈಯಿಂದಲೇ ಹೋಗುತ್ತವೆ. ಎರಡೂ ದಾರಿ ನೋಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಕಿಶ್‌ಗೆ ಹೋಗಿ ಕಾಯುವ ಕಾಲ ಈಗ ಇಲ್ಲ. ವಿಸಿಟ್‌ನಿಂದ ಕೆಲಸದ ವೀಸಾಕ್ಕೆ ದೇಶದ ಒಳಗೇ ಇದ್ದು ಬದಲಾಯಿಸಿಕೊಳ್ಳಬಹುದು, ಅದು ಕಾನೂನಿನಲ್ಲೇ ಇದೆ. ಡಿಗ್ರಿ ಇರುವವರು, ಇಂಟರ್‌ವ್ಯೂ ಕೊಡಲು ಬರುವವರು ಹಾಗೆ ಮಾಡುತ್ತಾರೆ. ಹಾಗಾಗಿ ಏಜೆಂಟ್ ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ಆ ಬದಲಾವಣೆ ಆಗುವ ತನಕ ನಿಮ್ಮ ತಮ್ಮ ಒಂದು ದಿನ ಕೆಲಸ ಮಾಡಿದರೂ ಅದು ಅಪರಾಧ. 2024ರಲ್ಲಿ ಕಾನೂನು ಬಿಗಿ ಮಾಡಿ, ಕೆಲಸದ ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂ ತನಕ ದಂಡ ಹಾಕಿದ್ದಾರೆ. ಅಷ್ಟು ದಂಡ ಇರುವಾಗ ಸರಿಯಾದ ಕಂಪನಿ ಯಾಕೆ ವಿಸಿಟ್‌ನಲ್ಲಿ ಬಾ ಅಂತ ಟೈಲ್ಸ್ ಕೆಲಸದವನನ್ನು ಕರೆಸುತ್ತದೆ, ಯೋಚನೆ ಮಾಡಿ. ವೀಸಾ ಮುಗಿದು ಉಳಿದುಕೊಂಡರೆ ದಿನಕ್ಕೆ 50 ದಿರ್ಹಂ ದಂಡ, ಅದು ಬೀಳುವುದು ತಮ್ಮನ ಮೇಲೆ, ಏಜೆಂಟ್ ಮೇಲಲ್ಲ.

ಈಗ ಇಸಿಆರ್ ವಿಷಯ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ. ಅಂಥವರು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮೊದಲು ಭಾರತ ಸರ್ಕಾರದ ಅನುಮತಿ ಪಡೆಯಬೇಕು ಅಂತ ಅರ್ಥ. ಯುಎಇ (ದುಬೈ, ಶಾರ್ಜಾ ಇರುವ ದೇಶ), ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್ ಎಲ್ಲ ಆ ಪಟ್ಟಿಯಲ್ಲಿವೆ, ಮಲೇಷ್ಯಾ ಕೂಡ ಇದೆ. ಬಹಳ ಜನ ಇದನ್ನು ಅಡ್ಡಿ ಅಂತಲೇ ನೋಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಓದು ಕಡಿಮೆ ಇರುವವರನ್ನು ಯಾರೂ ಮೋಸ ಮಾಡಬಾರದು ಅಂತ 1983ರ ಎಮಿಗ್ರೇಷನ್ ಕಾಯ್ದೆಯಲ್ಲಿ ಇಟ್ಟಿರುವ ರಕ್ಷಣೆ ಅದು. ಈಗ ಇ-ಮೈಗ್ರೇಟ್ ಎಂಬ ಸರ್ಕಾರಿ ಪೋರ್ಟಲ್ ಮೂಲಕ ನಡೆಯುತ್ತದೆ. ಕಂಪನಿಯ ಹೆಸರು, ಕೆಲಸ, ಸಂಬಳ, ಒಪ್ಪಂದ ಎಲ್ಲ ಅದರಲ್ಲಿ ದಾಖಲಾಗುತ್ತದೆ, ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಎಂಬ ಅಧಿಕಾರಿ ನೋಡಿ ಒಪ್ಪಿಗೆ ಕೊಡುತ್ತಾರೆ. ಬೆಂಗಳೂರಲ್ಲೇ ಅವರ ಕಚೇರಿ ಇದೆ. ಆ ಒಪ್ಪಿಗೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ಬರುತ್ತದೆ. ಕಟ್ಟಡದ ಕೆಲಸಕ್ಕೆ ಹೋಗುವವನಿಗೆ ಇದು ಸಣ್ಣ ವಿಷಯ ಅಲ್ಲ. ಹೋಗುವ ಮೊದಲು ಒಂದು ದಿನದ ತರಬೇತಿಯೂ ಇದೆ, ಅದಕ್ಕೆ ದುಡ್ಡಿಲ್ಲ, ತಪ್ಪಿಸಬೇಡಿ.

ಏಜೆಂಟ್ ವಿಸಿಟ್ ವೀಸಾ ಅನ್ನುವುದಕ್ಕೆ ಮುಖ್ಯ ಕಾರಣ ಇದೇ. ವಿಸಿಟ್‌ನಲ್ಲಿ ಹೋಗುವವನು ಕಾಗದದಲ್ಲಿ ಪ್ರವಾಸಿ, ಅವನಿಗೆ ಈ ಅನುಮತಿ ಬೇಕಿಲ್ಲ. ಇ-ಮೈಗ್ರೇಟ್‌ನಲ್ಲಿ ಅವನ ಹೆಸರೇ ಇರುವುದಿಲ್ಲ, ವಿಮೆಯೂ ಇಲ್ಲ, ಒಪ್ಪಂದವೂ ಇಲ್ಲ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ತಿರುಗಾಡಲು ಹೋಗುತ್ತಿದ್ದೇನೆ ಅಂತ ಹೇಳು ಎಂದು ಕಲಿಸಿ ಕಳಿಸುತ್ತಾರೆ. ಆ ಹುಡುಗ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತುವಾಗಲೇ ಅಧಿಕಾರಿಯ ಮುಂದೆ ಸುಳ್ಳು ಹೇಳಬೇಕು. ಸಂಶಯ ಬಂದರೆ ಅಲ್ಲೇ ತಡೆದು ವಾಪಸ್ ಕಳಿಸುತ್ತಾರೆ, ದುಡ್ಡು ಹೋಯಿತು ಅಷ್ಟೇ.

ದುಡ್ಡಿನ ಲೆಕ್ಕಕ್ಕೆ ಬರೋಣ. ಭಾರತದ ನಿಯಮದಲ್ಲಿ ನೋಂದಣಿ ಆದ ಏಜೆಂಟ್ ಕೆಲಸಗಾರನಿಂದ ಜಾಸ್ತಿ ಅಂದರೆ 30,000 ರೂಪಾಯಿ ತೆಗೆದುಕೊಳ್ಳಬಹುದು, ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ಯುಎಇ ಕಾನೂನು ಇನ್ನೂ ಮುಂದೆ ಹೋಗಿದೆ. 2021ರ 33ನೇ ಕಾರ್ಮಿಕ ಕಾನೂನು 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ, ಅದರ ಪ್ರಕಾರ ಕೆಲಸಕ್ಕೆ ಕರೆಸುವ ಖರ್ಚನ್ನು ಕಂಪನಿಯವರು ಕೆಲಸಗಾರನಿಂದ ನೇರವಾಗಿಯೂ ಸುತ್ತಿ ಬಳಸಿಯೂ ವಸೂಲಿ ಮಾಡುವ ಹಾಗಿಲ್ಲ. ವೀಸಾ ಖರ್ಚು ಅಂತ ಸಂಬಳದಲ್ಲಿ ಮುರಿದುಕೊಳ್ಳುವ ಹಾಗೂ ಇಲ್ಲ. ಅಂದರೆ ನೀವು ಕೊಡಲು ಹೊರಟಿರುವ 1,40,000 ಯಾವ ವೀಸಾದ ಬೆಲೆಯೂ ಅಲ್ಲ. ಅವರು ನೋಂದಣಿ ಆದವರಾ ಅಂತ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಐದು ನಿಮಿಷದಲ್ಲಿ ನೋಡಬಹುದು, ಏಜೆಂಟರ ಪಟ್ಟಿ ಅಲ್ಲೇ ಇದೆ. ನಾನು ದೊಡ್ಡ ಏಜೆನ್ಸಿಯ ಕಡೆಯವನು ಅಂತ ಅವರು ಹೇಳಿದರೆ, ಆ ಏಜೆನ್ಸಿಗೆ ನೀವೇ ಫೋನ್ ಮಾಡಿ ಕೇಳಿ. ಸಬ್ ಏಜೆಂಟ್ ಅನ್ನುವುದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ.

ಅವರು ಫ್ರೀ ವೀಸಾ, ಆಜಾದ್ ವೀಸಾ ಅಂದರಾ? ನೀವು ಬರೆದಿಲ್ಲ, ಆದರೆ ಮುಂದೆ ಹೇಳಬಹುದು. ಆ ಹೆಸರಿನ ವೀಸಾ ಯಾವ ಸರ್ಕಾರವೂ ಕೊಡುವುದಿಲ್ಲ. ಒಬ್ಬರ ಹೆಸರಲ್ಲಿ ವೀಸಾ ಮಾಡಿಸಿ ಹೊರಗೆ ಎಲ್ಲಾದರೂ ದುಡಿ ಅಂತ ಬಿಡುವುದನ್ನು ಹಾಗೆ ಕರೆಯುತ್ತಾರೆ. ಸಿಕ್ಕಿಬಿದ್ದರೆ ಗಡೀಪಾರು.

ಹಾಗಾದರೆ ಸರಿಯಾದ ದಾರಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ಆಫರ್ ಲೆಟರ್. ಕಂಪನಿಯ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿದ್ದಲ್ಲ, ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿ ಇರುವುದು. ಈ ಕಾಗದದ ಮೇಲೆ ನಿಮ್ಮ ತಮ್ಮ ಸಹಿ ಹಾಕಿದ ಮೇಲೆಯೇ ಕಂಪನಿ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬಹುದು. 2016ರಿಂದ ಅಲ್ಲಿ ಹೋದಮೇಲೆ ಮಾಡುವ ಒಪ್ಪಂದವೂ ಇದಕ್ಕೆ ಸರಿಯಾಗಿಯೇ ಇರಬೇಕು, ಕಡಿಮೆ ಮಾಡುವ ಹಾಗಿಲ್ಲ. ಅದಕ್ಕೇ ಇದನ್ನು ಊರಲ್ಲೇ ಕೂತು, ಓದಿ, ಅರ್ಥ ಮಾಡಿಕೊಂಡು ಸಹಿ ಹಾಕಬೇಕು. ಅರಬಿ ಮತ್ತು ಇಂಗ್ಲಿಷ್ ಜೊತೆಗೆ ಕೆಲಸಗಾರನ ಭಾಷೆಯಲ್ಲೂ ಕೊಡಬೇಕು ಅಂತ ನಿಯಮ ಮಾಡಿದಾಗ ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ ಎಲ್ಲ ಸೇರಿಸಿದರು, ಕನ್ನಡ ಸೇರಲಿಲ್ಲ. ಇದು ನನಗೆ ಇವತ್ತಿಗೂ ಬೇಸರ. ನಮ್ಮ ಕರಾವಳಿಯಿಂದ ಎಷ್ಟು ಜನ ಬಂದಿದ್ದಾರೆ, ಈಗ ಉತ್ತರ ಕರ್ನಾಟಕದಿಂದಲೂ ಬರುತ್ತಿದ್ದಾರೆ, ಆದರೂ ನಮ್ಮ ಹುಡುಗರು ಹಿಂದಿಯಲ್ಲಿ ಅರ್ಧ ಅರ್ಥ ಮಾಡಿಕೊಂಡು ಹೆಬ್ಬೆಟ್ಟು ಒತ್ತುವುದನ್ನು ನೋಡಿದ್ದೇನೆ. ನಿಮಗೆ ಇಂಗ್ಲಿಷ್ ಬರುತ್ತದಲ್ವಾ, ತಮ್ಮನಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿ.

ಆ ಕಾಗದದಲ್ಲಿ ಎರಡು ಕಡೆ ಜಾಸ್ತಿ ಹೊತ್ತು ನಿಲ್ಲಿ. ಒಂದು, ಕೆಲಸದ ಹೆಸರು. ಟೈಲ್ಸ್ ಮೇಸ್ತ್ರಿ ಅಂತಲೇ ಇರಬೇಕು, ಹೆಲ್ಪರ್ ಅಂತಲೋ ಕ್ಲೀನರ್ ಅಂತಲೋ ಇದ್ದರೆ ಕೇಳಿ. "ಅದು ಸುಮ್ನೆ ಕಾಗದಕ್ಕೆ" ಅಂತ ನನಗೂ ಹೇಳಿದ್ದರು. ಇನ್ನೊಂದು, 1,800ರಲ್ಲಿ ಬೇಸಿಕ್, ಅಂದರೆ ಮೂಲ ಸಂಬಳ, ಎಷ್ಟು ಅಂತ. ಕೆಲಸ ಬಿಡುವಾಗ ಸಿಗುವ ಗ್ರಾಚುಟಿ ಬೇಸಿಕ್ ಮೇಲೆ ಮಾತ್ರ ಲೆಕ್ಕ, ಒಂದು ವರ್ಷ ಪೂರ್ತಿ ಮಾಡಿದವನಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಬೇಸಿಕ್ 800 ಇದ್ದರೆ ಐದು ವರ್ಷಕ್ಕೆ 2,800 ದಿರ್ಹಂ, 1,400 ಇದ್ದರೆ 4,900. ತಿಂಗಳ ಸಂಬಳ ಎರಡರಲ್ಲೂ ಅದೇ 1,800. ಓವರ್‌ಟೈಮ್ ಕೂಡ ಬೇಸಿಕ್ ಮೇಲೆಯೇ. ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48, ಅದಕ್ಕಿಂತ ಹೆಚ್ಚಿಗೆ ಮಾಡಿಸಿದರೆ 25 ಪರ್ಸೆಂಟ್ ಸೇರಿಸಿ ಕೊಡಬೇಕು. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇಡುವ ಹಾಗಿಲ್ಲ. ರೂಮು, ಊಟ ಯಾರದ್ದು ಅಂತಲೂ ನೋಡಿ, ಊಟ ನಿಮ್ಮದೇ ಅಂದರೆ ಮನೆಗೆ ಕಳಿಸುವ ದುಡ್ಡು ಅಷ್ಟು ಕಡಿಮೆಯಾಗುತ್ತದೆ.

ಇದಾದ ಮೇಲೆ ವರ್ಕ್ ಪರ್ಮಿಟ್ ಒಪ್ಪಿಗೆ, ಆಮೇಲೆ ಎಂಪ್ಲಾಯ್‌ಮೆಂಟ್ ಎಂಟ್ರಿ ಪರ್ಮಿಟ್, ಅಂದರೆ ಕೆಲಸಕ್ಕಾಗಿ ಆ ದೇಶದ ಒಳಗೆ ಬರುವ ಅನುಮತಿ. ಅದು ಪಿಡಿಎಫ್ ಆಗಿ ವಾಟ್ಸಾಪ್‌ನಲ್ಲಿ ಬರುತ್ತದೆ, ಬಂದ ತಕ್ಷಣ ನಂಬಬೇಡಿ, ಪಾಸ್‌ಪೋರ್ಟ್ ನಂಬರ್ ಹಾಕಿ ದುಬೈ ಇಮಿಗ್ರೇಷನ್ ವೆಬ್‌ಸೈಟ್‌ನಲ್ಲಿ ಸರಿ ಇದೆಯಾ ನೋಡಿ. ನಕಲಿ ಪರ್ಮಿಟ್ ಹಿಡಿದುಕೊಂಡು ಏರ್‌ಪೋರ್ಟ್‌ಗೆ ಬರುವವರು ಇದ್ದಾರೆ. ಎಂಟ್ರಿ ಪರ್ಮಿಟ್ ಬಂದಮೇಲೆ ಇ-ಮೈಗ್ರೇಟ್ ಅನುಮತಿ ಮುಗಿಸಿ ಟಿಕೆಟ್. ಇಳಿದ ಮೇಲೆ ಮೆಡಿಕಲ್, ಎಮಿರೇಟ್ಸ್ ಐಡಿಗೆ (ಅಲ್ಲಿನ ಗುರುತಿನ ಚೀಟಿ) ಬೆರಳಚ್ಚು, ಒಪ್ಪಂದದ ನೋಂದಣಿ, ರೆಸಿಡೆನ್ಸಿ (ಅಲ್ಲಿ ಉಳಿಯುವ ಅನುಮತಿ). ಇವೆಲ್ಲ ಕಂಪನಿಯ ಪಿಆರ್‌ಒ, ಅಂದರೆ ಸರ್ಕಾರಿ ಕಚೇರಿಯ ಕೆಲಸ ನೋಡಿಕೊಳ್ಳುವವರು, ಮಾಡಿಸುತ್ತಾರೆ. ಮೊದಲು ಪಾಸ್‌ಪೋರ್ಟ್‌ನಲ್ಲಿ ವೀಸಾ ಅಂಟಿಸುತ್ತಿದ್ದರು, 2022ರಿಂದ ಎಮಿರೇಟ್ಸ್ ಐಡಿ ಕಾರ್ಡೇ ಪುರಾವೆ. ಪಾಸ್‌ಪೋರ್ಟ್‌ನಲ್ಲಿ ಏನೂ ಇಲ್ಲ ಅಂತ ತಮ್ಮ ಹೆದರುವುದು ಬೇಡ.

ಮೆಡಿಕಲ್ ಬಗ್ಗೆ ಒಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ, ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಟಿಬಿ ಅಥವಾ ಎಚ್‌ಐವಿ ಕಂಡುಬಂದರೆ ಹೊಸಬರಿಗೆ ರೆಸಿಡೆನ್ಸಿ ಸಿಗುವುದಿಲ್ಲ, ವಾಪಸ್ ಕಳಿಸುತ್ತಾರೆ. ತಮ್ಮ ವರ್ಷಗಟ್ಟಲೆ ಟೈಲ್ಸ್ ಕತ್ತರಿಸಿದ ಧೂಳಲ್ಲಿ ಇದ್ದವನು. ಏನನ್ನೂ ಶುರು ಮಾಡುವ ಮೊದಲು ಹಾವೇರಿಯಲ್ಲೇ ಒಂದು ಎಕ್ಸ್‌ರೇ ತೆಗೆಸಿ ಡಾಕ್ಟರಿಗೆ ತೋರಿಸಿ. ಏನಾದರೂ ಇದ್ದರೆ ಮನೆಯಲ್ಲೇ ಗೊತ್ತಾಗಲಿ, ವಾಸಿ ಮಾಡಿಕೊಂಡು ಹೋಗಲಿ. ನಮ್ಮ ಕ್ಯಾಂಪಿಗೆ ಬಂದು ಒಂಬತ್ತನೇ ದಿನಕ್ಕೆ ವಾಪಸ್ ಹೋದ ಹುಡುಗನ ಮುಖ ನನಗೆ ಇನ್ನೂ ನೆನಪಿದೆ.

ಹೋದಮೇಲೆ ಪಾಸ್‌ಪೋರ್ಟ್ ಕಂಪನಿಯಲ್ಲಿ ಇಟ್ಟುಕೊಳ್ಳುತ್ತೇವೆ ಅಂದರೆ, ಕಾನೂನು ಅದಕ್ಕೆ ಬಿಡುವುದಿಲ್ಲ ಅಂತ ಅವನಿಗೆ ಗೊತ್ತಿರಲಿ. ಎಲ್ಲ ಕಾಗದದ ಫೋಟೋ ನಿಮ್ಮ ಫೋನಿನಲ್ಲೂ ಇರಲಿ. ದುಬೈಯಲ್ಲಿ ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, 800 46342ಕ್ಕೆ ಯುಎಇ ಒಳಗಿಂದ ಮಾಡಿದರೆ ದುಡ್ಡು ಬೀಳುವುದಿಲ್ಲ. ಆ ನಂಬರನ್ನು ಫೋನಿನಲ್ಲಿ ಮಾತ್ರ ಅಲ್ಲ, ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಿ. ನಿಮಗೆ ಊರಿಂದ ದೂರು ಕೊಡಬೇಕಾದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇದೆ.

ಏಜೆಂಟ್ ಪರಿಚಯದವರು, ಬೇಡ ಅನ್ನುವುದು ಹೇಗೆ ಅಂತ ನಿಮಗೆ ಕಷ್ಟ ಆಗುತ್ತಿದೆ ಅಂತ ಗೊತ್ತಾಗುತ್ತದೆ. ನಮ್ಮ ಮನೆಯಲ್ಲೂ ಅದೇ ಆಗಿತ್ತು, ಅಪ್ಪನ ಸ್ನೇಹಿತರು ಅಂತ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಜಗಳ ಆಡಬೇಕಾಗಿಲ್ಲ. "ಅಣ್ಣ, ಸಚಿವಾಲಯದ ಆಫರ್ ಲೆಟರ್ ತರಿಸಿಕೊಡಿ, ಇಸಿಆರ್ ಕ್ಲಿಯರೆನ್ಸ್ ಮಾಡಿಸಿಕೊಂಡೇ ಹೋಗುತ್ತಾನೆ, ರಸೀದಿ ಕೊಟ್ಟರೆ ನಿಯಮದ ಪ್ರಕಾರ ದುಡ್ಡು ಕೊಡುತ್ತೇವೆ" ಅಂತ ಮೆಲ್ಲಗೆ ಹೇಳಿ. ನಿಜವಾದ ಕೆಲಸ ಇದ್ದರೆ ಎರಡು ಮೂರು ವಾರದಲ್ಲಿ ಕಾಗದ ಬರುತ್ತದೆ. ಇಲ್ಲದಿದ್ದರೆ ಅವರ ಫೋನ್ ಬರುವುದೇ ನಿಲ್ಲುತ್ತದೆ.

ತಮ್ಮನಿಗೆ ಇನ್ನೂ 23, ಅವಸರ ಬೇಡ. ಈ ನಡುವೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಲಿ, ಪಾಸಾದರೆ ಇಸಿಆರ್ ತೆಗೆಸಿ ಹೊಸ ಪಾಸ್‌ಪೋರ್ಟ್ ಮಾಡಿಸಬಹುದು, ಮುಂದೆ ಫೋರ್‌ಮನ್ ಆಗುವಾಗಲೂ ಅದು ಬೇಕಾಗುತ್ತದೆ.

ಆಫರ್ ಲೆಟರ್ ಬಂದರೆ ಹೆಸರು, ಪಾಸ್‌ಪೋರ್ಟ್ ನಂಬರ್ ಮುಚ್ಚಿ ಫೋಟೋ ಇಲ್ಲೇ ಹಾಕಿ. ಭಾನುವಾರ ನನಗೆ ರಜೆ, ಕೂತು ಓದಿ ಒಂದೊಂದು ಸಾಲಿನ ಅರ್ಥ ಬರೆಯುತ್ತೇನೆ.