ವ್ಯವಹಾರ ವಿಚಾರ: 140 ಮೇಲ್ ಹೋದವು, ಒಂದಕ್ಕೂ ಉತ್ತರವಿಲ್ಲ

ಪ್ರಶ್ನೆ: ನಮ್ಮದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಜಾಬ್ ವರ್ಕ್ ಘಟಕ, ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಚಾಕಣ ಸುತ್ತಿನ 140 ಕಂಪನಿಗಳ ‘ಇನ್ಫೋ’ ವಿಳಾಸಗಳಿಗೆ 9 ಎಂಬಿಯ ಕಂಪನಿ ಪ್ರೊಫೈಲ್ ಲಗತ್ತಿಸಿ, ಎಲ್ಲರನ್ನೂ ಬಿಸಿಸಿಯಲ್ಲಿಟ್ಟು ಒಂದೇ ಸಲ ಕಳಿಸಿದೆವು. ಯಾರೂ ಉತ್ತರಿಸಲಿಲ್ಲ. ತಪ್ಪೆಲ್ಲಿ? — ಭೋಸರಿ, ಪುಣೆ

ಉತ್ತರ: ‘ಇನ್ಫೋ’ ವಿಳಾಸ ನೋಡುವವರು ಹೆಚ್ಚಾಗಿ ರಿಸೆಪ್ಶನ್‌ನವರು ಇಲ್ಲವೇ ಎಚ್‌ಆರ್‌ನವರು. ಟರ್ನಿಂಗ್ (ಲೇತ್) ಕೆಲಸ ಯಾರಿಗೆ ಕೊಡಬೇಕೆಂದು ಅವರೇನೂ ತೀರ್ಮಾನಿಸುವುದಿಲ್ಲ. ನಿಮಗೆ ಬೇಕಾದವರು ಪೂರೈಕೆದಾರರನ್ನು (ವೆಂಡರ್) ಹುಡುಕಿ ಆರಿಸುವ ವೆಂಡರ್ ಡೆವಲಪ್‌ಮೆಂಟ್ ಅಥವಾ ಸೋರ್ಸಿಂಗ್ ವಿಭಾಗದವರು. ಬೋರ್ಡ್ ನಂಬರಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಮಾಡಿ, ‘ಮಷಿನಿಂಗ್ ಪಾರ್ಟ್‌ಗಳನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದಷ್ಟೇ ಕೇಳಿ. ಹತ್ತು ಫೋನಿಗೆ ನಾಲ್ಕು ಹೆಸರು ಸಿಕ್ಕರೂ ಆ ನಾಲ್ಕು ನಿಮ್ಮ 140ಕ್ಕಿಂತ ಮೇಲು.

ಇನ್ನು ಒಕ್ಕಣೆ. ಪರಿಚಯವೇ ಇಲ್ಲದವರಿಂದ ಬಂದ 9 ಎಂಬಿ ಫೈಲನ್ನು ಯಾರೂ ತೆರೆಯುವುದಿಲ್ಲ. ಕೆಲವು ಕಂಪನಿಗಳ ಸರ್ವರ್ ಅದನ್ನು ಒಳಗೇ ಬಿಡುವುದಿಲ್ಲ. ಹೇಳಬೇಕಾದದ್ದು ಮೇಲ್‌ನಲ್ಲೇ ಇರಲಿ, 100-120 ಪದ ಸಾಕು. ಪಂಪ್ ತಯಾರಕರಿಗೆ ಬರೆಯುವುದಾದರೆ ಹೀಗಿರಬಹುದು (ಕಳಿಸುವುದು ಇಂಗ್ಲಿಷಿನಲ್ಲೇ, ಇಲ್ಲಿ ಅರ್ಥ ಕೊಟ್ಟಿದ್ದೇವೆ):

ವಿಷಯ: ಪಂಪ್ ಶಾಫ್ಟ್ ಟರ್ನಿಂಗ್, ಭೋಸರಿ

“ನಿಮ್ಮ ಕ್ಯಾಟಲಾಗ್‌ನಲ್ಲಿ 20ರಿಂದ 50 ಮಿ.ಮೀ. ಶಾಫ್ಟ್‌ಗಳನ್ನು ನೋಡಿದೆವು. ಇದೇ ಅಳತೆಯಲ್ಲಿ ಇಎನ್ 8 ಮತ್ತು ಎಸ್‌ಎಸ್ 410 ಉಕ್ಕಿನ ಶಾಫ್ಟ್‌ಗಳನ್ನು ಮಾಡುತ್ತೇವೆ. ಟಾಲರೆನ್ಸ್ ±0.02 ಮಿ.ಮೀ., ಲಾಟ್ 200ರಿಂದ 2,000, ಪ್ರತಿ ಲಾಟ್ ಜೊತೆ ಇನ್‌ಸ್ಪೆಕ್ಷನ್ ರಿಪೋರ್ಟ್. ಬೇರಿಂಗ್ ಸೀಟ್‌ನ ಗ್ರೈಂಡಿಂಗ್ ಹೊರಗೆ ಮಾಡಿಸುತ್ತೇವೆ. ಸದ್ಯ ಎರಡನೇ ಪಾಳಿಯಲ್ಲಿ ಯಂತ್ರ ಖಾಲಿ ಇದೆ. ಒಂದು ಡ್ರಾಯಿಂಗ್ ಕಳಿಸಿದರೆ 48 ಗಂಟೆಯಲ್ಲಿ ಕೊಟೇಶನ್ ಕೊಡುತ್ತೇವೆ.”

ಗ್ರೈಂಡಿಂಗ್ ಹೊರಗೆ ಎಂಬ ಮಾತನ್ನು ಅಳಿಸಲು ಕೈ ತುರಿಸುತ್ತದೆ. ಅಳಿಸಬೇಡಿ. ಮುಚ್ಚಿಟ್ಟದ್ದು ವೆಂಡರ್ ಆಡಿಟ್ ದಿನ ಹೇಗೂ ಬಯಲಾಗುತ್ತದೆ. ಕೊನೆಯಲ್ಲಿ ಕೇಳಿದ್ದು ಒಂದೇ ಡ್ರಾಯಿಂಗ್ ಎಂಬುದನ್ನೂ ಗಮನಿಸಿ. ಭೇಟಿ, ಆರ್ಡರ್, ವೆಂಡರ್ ಕೋಡ್ (ಪೂರೈಕೆದಾರರ ಪಟ್ಟಿಯ ನಂಬರ್) ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಓದುವವರು ‘ಆಮೇಲೆ ನೋಡೋಣ’ ಎಂದು ಪಕ್ಕಕ್ಕಿಡುತ್ತಾರೆ. ದರವೂ ಈಗ ಬೇಡ. ಡ್ರಾಯಿಂಗ್ ನೋಡದೆ ಹೇಳಿದ ದರಕ್ಕೆ ಬೆಲೆಯಿಲ್ಲ. ಜಿಎಸ್‌ಟಿ ಮತ್ತು ಉದ್ಯಮ್ (ಸಣ್ಣ ಉದ್ದಿಮೆ ನೋಂದಣಿ) ನಂಬರ್ ಸಹಿಯ ಕೆಳಗಿರಲಿ. ಗುರುವಾರ ಭೋಸರಿ ಕಡೆ ವಾರದ ರಜೆ, ನಿಮಗೇ ಗೊತ್ತು. ಅಲ್ಲಿಯ ಕಾರ್ಖಾನೆಗಳಿಗೆ ಬುಧವಾರ ಸಂಜೆ ಕಳಿಸಿದ್ದು ಶುಕ್ರವಾರದ ರಾಶಿಯಡಿ ಸೇರುತ್ತದೆ.

ಪ್ರಶ್ನೆ: ಆಫೀಸುಗಳಿಗೆ ಮಧ್ಯಾಹ್ನದ ಊಟ ಒದಗಿಸುತ್ತೇವೆ. ಸ್ವಂತ ಡೊಮೇನ್‌ನಿಂದ ಕಳಿಸಿದ ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ. — ಅಂಧೇರಿ, ಮುಂಬಯಿ

ಉತ್ತರ: ನಿಮ್ಮದೇ ಜಿಮೇಲ್ ಖಾತೆಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನದೇ ಎಂದು ಖಚಿತಪಡಿಸುವ ಪರೀಕ್ಷೆಗಳು) ಮೂರರ ಎದುರೂ ‘ಪಾಸ್’ ಎಂದಿರಬೇಕು. ಫೆಬ್ರುವರಿ 2024ರಿಂದ ಜಿಮೇಲ್ ತನಗೆ ಮೇಲ್ ಕಳಿಸುವ ಎಲ್ಲರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ ಕೇಳುತ್ತಿದೆ. ದಿನಕ್ಕೆ 5,000 ಅಥವಾ ಅದಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ. ನೀವು 20 ಕಳಿಸುವವರಾದರೂ ಮೂರನ್ನೂ ಮಾಡಿಸಿಕೊಳ್ಳಿ. ಎಡವಟ್ಟು ಹೆಚ್ಚಾಗಿ ಆಗುವುದು ಎಸ್‌ಪಿಎಫ್‌ನಲ್ಲಿ. ವೆಬ್‌ಸೈಟ್ ಮಾಡಿದವರು ಡೊಮೇನ್ ಸೆಟ್ಟಿಂಗ್‌ನಲ್ಲಿ ಒಂದು ಎಸ್‌ಪಿಎಫ್ ದಾಖಲೆ ಹಾಕಿರುತ್ತಾರೆ, ಮೇಲ್ ಸೇವೆಯವರು ಇನ್ನೊಂದು ಹಾಕಿಸುತ್ತಾರೆ. ಒಂದು ಡೊಮೇನ್‌ಗೆ ಎರಡಿದ್ದರೆ ಎರಡೂ ಕೆಟ್ಟಂತೆ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿಸಿ.

ಇನ್ನೊಂದು ಅನುಮಾನ: ಮೆನುವನ್ನು ಬಣ್ಣದ ಒಂದೇ ದೊಡ್ಡ ಚಿತ್ರವಾಗಿ ಕಳಿಸುತ್ತಿದ್ದೀರಾ? ಅಕ್ಷರವೇ ಇಲ್ಲದ ಮೇಲ್ ಮೇಲೆ ಫಿಲ್ಟರ್‌ಗೆ ಮೊದಲೇ ಸಂಶಯ. ಔಟ್‌ಲುಕ್‌ನಲ್ಲಂತೂ ಚಿತ್ರಗಳು ತಾವಾಗಿ ತೆರೆಯದೆ ಬರೀ ಖಾಲಿ ಚೌಕ ಕಾಣಬಹುದು. ನಾಲ್ಕು ಸಾಲು ಬರೆಯಿರಿ: ಎಷ್ಟು ಜನರಿಂದ ಶುರು, ತಲಾ ಎಷ್ಟು, ಎಷ್ಟು ಗಂಟೆಗೆ ತಲುಪುತ್ತದೆ, ಜೈನ ಊಟ ಇದೆಯೇ. ಮುಂಬಯಿಯ ಆಫೀಸಿನಲ್ಲಿ ಕೊನೆಯದನ್ನು ಕೇಳದೆ ಬಿಡುವವರು ಕಡಿಮೆ. ಎಫ್‌ಎಸ್‌ಎಸ್‌ಎಐಯ (ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ನಂಬರ್ ಸಹಿಯಲ್ಲಿರಲಿ. ಹೊಸ ಡೊಮೇನ್ ಆದರೆ ಮೊದಲ ಎರಡು ವಾರ ದಿನಕ್ಕೆ ಹತ್ತು ದಾಟಬೇಡಿ.

ಪ್ರಶ್ನೆ: ಹೋಟೆಲುಗಳಿಗೆ ಬೆಡ್‌ಶೀಟ್, ಟವೆಲ್, ಯೂನಿಫಾರ್ಮ್ ಪೂರೈಸುತ್ತೇವೆ. ಉತ್ತರ ಬರದಿದ್ದರೆ ಎಷ್ಟು ಸಲ ನೆನಪಿಸಬಹುದು? — ಮಡಗಾಂವ್, ಗೋವಾ

ಉತ್ತರ: ಒಟ್ಟು ಮೂರು ಮೇಲ್. ಮೊದಲನೆಯದು, ನಾಲ್ಕು ಕೆಲಸದ ದಿನ ಬಿಟ್ಟು ಎರಡನೆಯದು, ಮತ್ತೆ ಹತ್ತು ದಿನಕ್ಕೆ ಕೊನೆಯದು. ಎಲ್ಲವೂ ಹಳೆಯ ಮೇಲ್‌ಗೇ ರಿಪ್ಲೈ ಆಗಿ ಹೋಗಲಿ. ‘ಜೆಂಟಲ್ ರಿಮೈಂಡರ್’ ಎಂದು ಬರೆಯುವುದು ಸಾಲ ವಸೂಲಿಯ ದನಿ. ಬದಲಿಗೆ ಪ್ರತಿ ಸಲ ಹೊಸದೊಂದು ಇರಲಿ: ಎರಡನೆಯದರಲ್ಲಿ ಟವೆಲ್ಲಿನ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ) ಮತ್ತು ಎಷ್ಟು ಒಗೆತ ಬಾಳುತ್ತದೆಂಬ ವಿವರ, ಮೂರನೆಯದರಲ್ಲಿ ಉಚಿತ ಸ್ಯಾಂಪಲ್ ಸೆಟ್. ಯಾವಾಗ ಎಂಬುದು ಇದಕ್ಕಿಂತ ಮುಖ್ಯ. ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಸೀಸನ್ನಿಗೆ ಖರೀದಿ ಕುದುರುವುದು ಮಳೆಗಾಲದಲ್ಲಿ. ಜುಲೈನಲ್ಲಿ ಬರೆಯಿರಿ. ಡಿಸೆಂಬರಿನಲ್ಲಿ ಹೌಸ್‌ಕೀಪಿಂಗ್ ಮ್ಯಾನೇಜರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಪ್ರಶ್ನೆ: ಮಾಲೀಕರು ನಮ್ಮ ಕಡೆಯವರೇ ಆದರೆ ಕನ್ನಡದಲ್ಲಿ ಬರೆಯಬಹುದೇ? — ಡೊಂಬಿವಲಿ

ಉತ್ತರ: ಶೆಟ್ಟಿ, ಪೂಜಾರಿ ಎಂಬ ಹೆಸರು ನೋಡಿ ಕನ್ನಡ ಓದುತ್ತಾರೆಂದು ಎಣಿಸಬೇಡಿ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಮನೆಯಲ್ಲಿ ತುಳು ಆಡುತ್ತಾರೆ, ಲಿಪಿ ಬರುವುದಿಲ್ಲ. ಓದಿದರೂ ಅದನ್ನು ಫಾರ್ವರ್ಡ್ ಮಾಡುವುದು ಮರಾಠಿ ಅಥವಾ ಗುಜರಾತಿ ಅಕೌಂಟೆಂಟ್‌ಗೆ. ಮೇಲ್ ಇಂಗ್ಲಿಷಿನಲ್ಲಿರಲಿ, ಊರಿನ ಮಾತು ಫೋನಿಗೆ ಇಟ್ಟುಕೊಳ್ಳಿ. ಮತ್ತೆ, ಸಂಘದ ವಾಟ್ಸಾಪ್ ಗುಂಪಿನಿಂದ ವಿಳಾಸ ಎತ್ತಿಕೊಂಡು ಸಾಲಾಗಿ ಕಳಿಸಲು ಹೋಗಬೇಡಿ. ಮುಂದಿನ ವಾರ್ಷಿಕೋತ್ಸವದಲ್ಲಿ ಅವರ ಪಕ್ಕದ ಕುರ್ಚಿಯಲ್ಲೇ ಕೂರಬೇಕಾದೀತು.