ಕ್ರೀಡಾ ಸಲಹೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಶಾಲಾ ದಿನಗಳಿಂದ ಸಾಫ್ಟ್‌ಬಾಲ್ ಆಡುತ್ತಿದ್ದಾಳೆ. ಈಚೆಗೆ ಬೇಸ್‌ಬಾಲ್ ಕಡೆಗೂ ಒಲವು ಮೂಡಿದ್ದು, ಮುಂದೆ ತರಬೇತುದಾರಳಾಗುತ್ತೇನೆ ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಇದರಿಂದ ಅನ್ನ ಹುಟ್ಟುವುದಿಲ್ಲ ಎನ್ನುವುದು ಮನೆಯ ಹಿರಿಯರ ಮಾತು. ಏನು ಮಾಡಲಿ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಆಡುವುದರಿಂದಲೇ ಜೀವನ ಸಾಗಿಸುವುದು ನಮ್ಮಲ್ಲಿ ಕಷ್ಟವೆಂಬ ಮಟ್ಟಿಗೆ ಹಿರಿಯರ ಮಾತನ್ನು ಒಪ್ಪಬೇಕು. ಆದರೆ ನಿಮ್ಮ ಮಗಳು ಕೇಳುತ್ತಿರುವುದು ಕಲಿಸುವ ವೃತ್ತಿಯನ್ನು, ಅದರ ದಾರಿ ಬೇರೆ.

ಅಮೆರಿಕದ ಅಲಿಸ್ಸಾ ನಾಕೆನ್ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿ, ಕ್ರೀಡಾ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ಬೇಸ್‌ಬಾಲ್ ತಂಡದ ಸಂಸ್ಥೆಗೆ ಇಂಟರ್ನ್ ಆಗಿ ಸೇರಿದವರು. 2020ರಲ್ಲಿ ಅವರು ಅಲ್ಲಿನ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನ ಮೊದಲ ಪೂರ್ಣಾವಧಿ ಮಹಿಳಾ ಕೋಚ್ ಆದರು. ಸಾಫ್ಟ್‌ಬಾಲ್‌ನಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವವರು) ಆಗಿದ್ದ ರೇಚಲ್ ಬಾಲ್ಕೊವೆಕ್ ದೈಹಿಕ ಕ್ಷಮತೆಯ ತರಬೇತಿಯಿಂದ ಆರಂಭಿಸಿ, ಲ್ಯಾಟಿನ್ ಅಮೆರಿಕದ ಆಟಗಾರರೊಡನೆ ಮಾತನಾಡಲೆಂದೇ ಸ್ಪ್ಯಾನಿಷ್ ಕಲಿತು, 2022ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಕೆಳಹಂತದ ತಂಡವಾದ ಟ್ಯಾಂಪಾ ಟಾರ್ಪನ್ಸ್‌ನ ಮ್ಯಾನೇಜರ್, ಅಂದರೆ ಮುಖ್ಯ ತರಬೇತುದಾರರು, ಆದರು. ಇವರಿಬ್ಬರೂ ಗಂಡಸರ ತಂಡಗಳಲ್ಲಿ ಸ್ಥಾನ ಗಳಿಸಿದ್ದು ಆಟದ ಖ್ಯಾತಿಯಿಂದ ಎನ್ನುವುದಕ್ಕಿಂತ ಆಟದಾಚೆ ಓದಿ ಕಲಿತದ್ದರಿಂದ ಎಂದೇ ನಾನು ಭಾವಿಸುತ್ತೇನೆ.

ಸಾಫ್ಟ್‌ಬಾಲ್ ಬಲ್ಲವರಿಗೆ ಬೇಸ್‌ಬಾಲ್ ತಾನಾಗಿಯೇ ಬರುತ್ತದೆ ಎಂದು ಮಾತ್ರ ಅವಳು ತಿಳಿಯದಿರಲಿ. ಮಹಿಳೆಯರ ಸಾಫ್ಟ್‌ಬಾಲ್‌ನಲ್ಲಿ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವರು) 43 ಅಡಿ ದೂರದಿಂದ ಕೈಯನ್ನು ಕೆಳಗಿನಿಂದ ಬೀಸಿ ಎಸೆದರೆ, ಬೇಸ್‌ಬಾಲ್‌ನಲ್ಲಿ 60 ಅಡಿ 6 ಅಂಗುಲ ದೂರದಿಂದ, ಎತ್ತರಿಸಿದ ದಿಬ್ಬದ ಮೇಲೆ ನಿಂತು ಭುಜದ ಮೇಲಿನಿಂದ ಎಸೆಯುತ್ತಾರೆ. ರನ್ನಿಗಾಗಿ ಓಡುವವರು ಮುಟ್ಟಬೇಕಾದ ಬೇಸ್‌ಗಳ ಅಂತರವೂ 60 ಅಡಿಯಿಂದ 90 ಅಡಿಗೆ ಹಿಗ್ಗುತ್ತದೆ. ಹೀಗಾಗಿ ಒಂದರಲ್ಲಿ ಸರಿಯಾದ ಫೀಲ್ಡಿಂಗ್ ಸ್ಥಾನ ಇನ್ನೊಂದರಲ್ಲಿ ತಪ್ಪಾಗಬಹುದು. ಕಲಿಸುವವಳಿಗೆ ಎರಡರ ಲೆಕ್ಕವೂ ಗೊತ್ತಿರಬೇಕು.

ಊರಿನ ಮಟ್ಟಿಗೆ ಹೇಳುವುದಾದರೆ, ಪದವಿಯ ನಂತರ ಬಿ.ಪಿ.ಇಡಿ. (ದೈಹಿಕ ಶಿಕ್ಷಣದ ಪದವಿ) ಮಾಡುವುದು ಭದ್ರವಾದ ದಾರಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ವಿಭಾಗವಿದೆ. ಅದರ ಸ್ನಾತಕೋತ್ತರ ಪದವಿಯಾದ ಎಂ.ಪಿ.ಇಡಿ. ಜೊತೆಗೆ ಕಾಲೇಜು ಬೋಧನೆಯ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯಮಟ್ಟದ್ದು) ಅರ್ಹತೆ ಪಡೆದರೆ ಕಾಲೇಜು ಹುದ್ದೆಗೂ ಪ್ರಯತ್ನಿಸಬಹುದು. ಪದವಿಯ ವರ್ಷಗಳಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ಬಿಡದಿರಲಿ, ಆ ಪ್ರಮಾಣಪತ್ರಗಳನ್ನು ಜೋಪಾನವಾಗಿಡಲಿ. ಅದಕ್ಕೂ ಮುಖ್ಯವಾಗಿ, ಈಗಲೇ ಹತ್ತಿರದ ಶಾಲೆಯೊಂದರ ಕಿರಿಯ ಹುಡುಗಿಯರಿಗೆ ವಾರಕ್ಕೊಮ್ಮೆ ಕಲಿಸಲು ಹಚ್ಚಿ. ಕಲಿಸುವ ತಾಳ್ಮೆ ಅವಳಿಗಿದೆಯೇ ಎನ್ನುವುದು ಪದವಿಗೆ ಹಣ ಹೂಡುವ ಮೊದಲೇ ತಿಳಿಯುತ್ತದೆ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನ ಕೆಸರುಗದ್ದೆಯಾಗಿರುತ್ತದೆ. ಸಾಫ್ಟ್‌ಬಾಲ್ ಅಭ್ಯಾಸ ಹೇಗೆ?
– ವಿದ್ಯಾರ್ಥಿನಿ, ಸಾಗರ

ಉತ್ತರ: 1887ರಲ್ಲಿ ಷಿಕಾಗೊದಲ್ಲಿ ಈ ಆಟ ಹುಟ್ಟಿದ್ದೇ ಚಾವಣಿಯ ಕೆಳಗೆ, ಆದ್ದರಿಂದ ಮಲೆನಾಡಿನ ಮಳೆಗೆ ಅಂಜಬೇಕಿಲ್ಲ. ಕಾಲೇಜಿನ ಸಭಾಂಗಣದಲ್ಲಿ 43 ಅಡಿ ಅಳೆದು, ಬಲೆ ಕಟ್ಟಿ ಪಿಚಿಂಗ್ ಮಾಡಿ. ಸ್ಟ್ಯಾಂಡಿನ ಮೇಲೆ ಚೆಂಡಿಟ್ಟು ಬ್ಯಾಟ್ ಬೀಸಿ. ಗ್ಲೋವನ್ನು ಒದ್ದೆಯಾಗಿಯೇ ಚೀಲದಲ್ಲಿ ತುರುಕಿಡಬೇಡಿ, ನಮ್ಮ ಹವೆಯಲ್ಲಿ ಚರ್ಮಕ್ಕೆ ಬಲು ಬೇಗ ಬೂಷ್ಟು ಹಿಡಿಯುತ್ತದೆ.