ಉತಾರ ಯಾರ ಹೆಸರಿನಲ್ಲಿದೆ, ಬೋಜಾ ಎಷ್ಟಿದೆ?

ಗದಗ-ಹುಬ್ಬಳ್ಳಿಯಲ್ಲಿ ಕುಳಿತ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು ಅದರ ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣ ಕೆಡವಬೇಕೇ ಉಳಿಸಬೇಕೇ ಎಂದು ಏಕೆ ಇಷ್ಟೊಂದು ಜಗಳವಾಡುತ್ತಾರೆ ಎಂದು ಕೇಳಿದ್ದೀರಿ. ಜೊತೆಗೆ ಒಂದು ಮಾತು ಸೇರಿಸಿದ್ದೀರಿ: 'ಮಾಲೀಕ ದುಡ್ಡು ಹಾಕುತ್ತಾನೆ, ಲಕ್ಷ ಆಸನದ ಹೊಸ ಮೈದಾನ ಬರುತ್ತದೆ, ಅಭಿಮಾನಿಗೆ ನಷ್ಟವೇನು?' ಪ್ರಶ್ನೆಗಿಂತ ಈ ಮಾತಿಗೇ ಮೊದಲು ಉತ್ತರಿಸುತ್ತೇನೆ. ಮಾಲೀಕ ದುಡ್ಡು ಹಾಕುತ್ತಾನೆ ಎಂದು ನಿಮಗೆ ಹೇಳಿದವರು ಯಾರು? ಜಗಳದ ಮೂಲ ಇರುವುದೇ ಅಲ್ಲಿ.

ನಾನು ಗದಗ ತಾಲೂಕಿನ ಒಂದು ಸಣ್ಣ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ಜಮೀನಿನ ಮೇಲೆ ಸಾಲ ಕೇಳಿ ಬಂದವರ ಹತ್ತಿರ ನಾವು ಮೊದಲು ನೋಡುವುದು ಉತಾರವನ್ನು. ನಿಮ್ಮ ಕಡೆ ಪಹಣಿ ಎನ್ನುತ್ತಿರಬಹುದು. ಅದು ಯಾರ ಹೆಸರಿನಲ್ಲಿದೆ, ಅದರ ಮೇಲೆ ಬೋಜಾ ಎಷ್ಟಿದೆ, ಅಂದರೆ ಹಿಂದಿನ ಸಾಲ ಎಷ್ಟು ದಾಖಲಾಗಿದೆ ಎಂಬುದು ತಿಳಿದ ಮೇಲೆಯೇ ಬಾವಿ, ಪೈಪ್‌ಲೈನು, ಮನೆ ಕಟ್ಟುವ ಮಾತು. ಈ ಅಭ್ಯಾಸದಿಂದಾಗಿ ನನಗೆ ಫುಟ್‌ಬಾಲ್ ಸುದ್ದಿಯನ್ನೂ ಹಾಗೆಯೇ ಓದುವ ರೋಗ ಹತ್ತಿದೆ. ಹೊಸ ಕ್ರೀಡಾಂಗಣದ ಬಣ್ಣದ ಚಿತ್ರ ಬಂದರೆ ನಮ್ಮ ಅಭಿಮಾನಿ ಬಳಗದವರೆಲ್ಲ ಚಿತ್ರ ನೋಡುತ್ತಾರೆ, ನಾನು ಸಾಲ ಯಾರ ತಲೆಯ ಮೇಲೆ ಎಂದು ಹುಡುಕುತ್ತೇನೆ.

ಯುನೈಟೆಡ್ ಉತಾರವನ್ನು ಓದಿ ನೋಡಿ. 2005ರವರೆಗೆ ಹೆಚ್ಚುಕಡಿಮೆ ಸಾಲವೇ ಇಲ್ಲದಿದ್ದ ಕ್ಲಬ್ ಅದು. ಆ ವರ್ಷ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡ್‌ಗೆ ಅದನ್ನು ಕೊಂಡುಕೊಂಡಿತು. ಆ ಹಣದ ದೊಡ್ಡ ಪಾಲು ಸಾಲ. ಆ ಸಾಲದ ಬಹುಭಾಗ ಬಂದು ಕುಳಿತದ್ದು ಕೊಂಡವರ ಮೇಲಲ್ಲ, ಕ್ಲಬ್ಬಿನ ಮೇಲೆ. ನನ್ನ ಹೊಲವನ್ನು ಇನ್ನೊಬ್ಬರು ಕೊಳ್ಳಲು ಮಾಡಿದ ಸಾಲದ ಬೋಜಾ ನನ್ನ ಹೊಲದ ಉತಾರದ ಮೇಲೆಯೇ ಏರಿದಂತೆ. ಅಂದಿನಿಂದ ಟಿಕೆಟ್ ಕೊಂಡವರ, ಅಂಗಿ ಕೊಂಡವರ, ಟಿವಿಗೆ ಚಂದಾ ಕಟ್ಟಿದ ನನ್ನಂಥವರ ಹಣದಲ್ಲಿ ಒಂದು ಪಾಲು ಬಡ್ಡಿಗೆ ಹೋಗಿದೆ. ಹೀಗಿರುವಾಗ ಛಾವಣಿ ಸೋರುವುದರಲ್ಲಿ ಆಶ್ಚರ್ಯವೇನೂ ಇಲ್ಲ. 2024ರ ಮೇ ತಿಂಗಳಲ್ಲಿ ಆರ್ಸೆನಲ್ ಪಂದ್ಯದ ದಿನ ಮಳೆ ಸುರಿದು, ಗ್ಯಾಲರಿಯ ಮೂಲೆಯಿಂದ ಜಲಪಾತದಂತೆ ನೀರು ಧುಮುಕಿದ ವಿಡಿಯೊ ನೀವೂ ನೋಡಿರಬಹುದು.

ಹೊಸ ಪ್ರಸ್ತಾಪ ಬಂದದ್ದು 2025ರ ಮಾರ್ಚ್‌ನಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಜಿಮ್ ರಾಟ್‌ಕ್ಲಿಫ್ ಎಂಬ ಉದ್ಯಮಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಪಾಲು ಕೊಂಡು ಫುಟ್‌ಬಾಲ್ ವ್ಯವಹಾರದ ಚುಕ್ಕಾಣಿ ಹಿಡಿದಿದ್ದರು. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯ ವಿನ್ಯಾಸ, ಈಗಿನ ಸುಮಾರು 74,000 ಆಸನಗಳ ಬದಲು ಒಂದು ಲಕ್ಷ, ಎತ್ತರದ ಮೂರು ಕಂಬಗಳಿಗೆ ಬಿಗಿದ ಛತ್ರಿಯಂಥ ಹೊದಿಕೆ, ಸುಮಾರು 200 ಕೋಟಿ ಪೌಂಡ್ ವೆಚ್ಚ, ಐದು ವರ್ಷದಲ್ಲಿ ಮುಗಿಸುವ ಮಾತು. ಈ ಚಿತ್ರಗಳ ಜೊತೆಗೆ ಅದೇ ಕಾಲದಲ್ಲಿ ಬಂದ ಬೇರೆ ಸುದ್ದಿಗಳು ಇವು: ನೂರಾರು ನೌಕರರ ಕೆಲಸಕ್ಕೆ ಕತ್ತರಿ, ಆ ಋತುವಿನ ನಡುವೆಯೇ ಉಳಿದ ಟಿಕೆಟ್‌ಗಳ ಬೆಲೆ 66 ಪೌಂಡ್, ಅಂದರೆ ಸುಮಾರು ಏಳು ಸಾವಿರ ರೂಪಾಯಿ, ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇಲ್ಲ. ಘೋಷಣೆಯ ಹೊತ್ತಿನಲ್ಲಿ 200 ಕೋಟಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ನಮ್ಮ ಸಂಘಕ್ಕೆ ಇಂಥ ಅರ್ಜಿ ಬಂದರೆ ನಾನು ಚಹಾ ಕೊಟ್ಟು ಕಳಿಸುತ್ತೇನೆ.

ಇನ್ನು ನೀವು ಕೇಳಿದ ಜಗಳ. ಹುಬ್ಬಳ್ಳಿಯ ನಮ್ಮ ಬಳಗ ಶನಿವಾರ ಅಥವಾ ಭಾನುವಾರ ರಾತ್ರಿ ಒಬ್ಬರ ಮನೆಯ ಮಾಳಿಗೆಯಲ್ಲಿ ಸೇರುತ್ತದೆ. ಗಿರ್ಮಿಟ್ಟು, ಮಿರ್ಚಿ, ನಡುವೆ ವಾದ. ಒಂದು ಪಕ್ಷಕ್ಕೆ ನಿವೃತ್ತ ರೈಲ್ವೆ ನೌಕರರೊಬ್ಬರು ಮುಖಂಡರು, ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. 1910ರಲ್ಲಿ ಕಟ್ಟಿದ ಮೈದಾನ, ಯುದ್ಧದಲ್ಲಿ ಬಾಂಬ್ ಬಿದ್ದು ನೆಲಕಚ್ಚಿ 1949ರಲ್ಲಿ ಮತ್ತೆ ತೆರೆದದ್ದು, 1958ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ ಸತ್ತವರ ನೆನಪಿನ ಗಡಿಯಾರ ಅಲ್ಲಿದೆ, ಅದನ್ನು ಕೆಡವಿದರೆ ಉಳಿಯುವುದೇನು ಎಂದು ಅವರು ಕೇಳುತ್ತಾರೆ. ಇನ್ನೊಂದು ಪಕ್ಷ ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗರದು. ದಕ್ಷಿಣದ ಸ್ಟ್ಯಾಂಡಿನ ಬೆನ್ನಿಗೇ ರೈಲು ಹಳಿ ಇದೆ, ಆ ಕಡೆ ಎತ್ತರಿಸುವುದಕ್ಕೆ ಸಿಕ್ಕಾಪಟ್ಟೆ ಖರ್ಚು, ದುರಸ್ತಿಗೆ ಸುರಿಯುವ ಹಣದಲ್ಲಿ ಹೊಸದನ್ನೇ ಕಟ್ಟಬಹುದು ಎಂದು ಅವರ ವಾದ. ಹಳಿ ಪಕ್ಕದ ಜಾಗದ ಫಜೀತಿಯನ್ನು ಹುಬ್ಬಳ್ಳಿಯವರಿಗೆ, ಅದರಲ್ಲೂ ಕಾಕಾನಿಗೆ, ಯಾರೂ ವಿವರಿಸಬೇಕಿಲ್ಲ. ಆದರೂ ಅವರು ಒಪ್ಪುವುದಿಲ್ಲ. ಹುಡುಗರ ವಾದ ತಾಂತ್ರಿಕವಾಗಿ ಸರಿ ಎಂದೇ ನನ್ನ ಅನಿಸಿಕೆ. ಕಾಕಾ ಸೋಲುವ ವಾದವನ್ನು ಹಿಡಿದಿದ್ದಾರೆ. ಇಟ್ಟಿಗೆಯ ಮೇಲಿನ ಪ್ರೀತಿಗೆ ನಾನೂ ಮಣಿಯುತ್ತೇನೆ, ಆದರೆ ಸೋರುವ ಛಾವಣಿಯ ಕೆಳಗೆ ಕುಳಿತವರಿಗೆ ಅದನ್ನು ಬೋಧಿಸಲಾರೆ.

ಇಬ್ಬರೂ ಬಿಟ್ಟದ್ದು ಮೂರನೆಯ ಸಂಗತಿ: ತೀರ್ಮಾನ ಯಾರ ಕೈಯಲ್ಲಿದೆ? ಯುನೈಟೆಡ್ ಷೇರು 2012ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಸಿಗುತ್ತದೆ. ಬಳಗದ ಹುಡುಗನೊಬ್ಬ ಮೊಬೈಲ್‌ನಲ್ಲಿ ಒಂದೆರಡು ಷೇರು ಕೊಂಡು 'ಇನ್ನು ಮೇಲೆ ನಾನೂ ಮಾಲೀಕ' ಎಂದು ಮಿರ್ಚಿ ಹಂಚಿದ. ಪೇಟೆಯಲ್ಲಿ ಸಿಗುವುದು 'ಎ' ದರ್ಜೆಯ ಷೇರು, ಒಂದಕ್ಕೆ ಒಂದು ಮತ. ಮಾಲೀಕರ ಹತ್ತಿರ ಇರುವ 'ಬಿ' ದರ್ಜೆಯ ಒಂದೊಂದು ಷೇರಿಗೆ ಹತ್ತು ಮತ. ಪೇಟೆಯಲ್ಲಿರುವ ಷೇರುಗಳನ್ನೆಲ್ಲ ಒಟ್ಟುಗೂಡಿಸಿದರೂ ಮಾಲೀಕರ ಮತದ ಮುಂದೆ ಅದು ಲೆಕ್ಕಕ್ಕಿಲ್ಲ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘವನ್ನು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಗುರುತಿಸುತ್ತಾರೆ. ನೂರು ಷೇರು ಇದ್ದವನಿಗೂ ಒಂದೇ ಮತ, ಒಂದು ಷೇರು ಇದ್ದವಳಿಗೂ ಒಂದೇ ಮತ ಎಂಬ ಸಹಕಾರದ ನಿಯಮ ನಮ್ಮ ಕಡೆಯ ರೈತರಿಗೆ ತಲೆಮಾರುಗಳಿಂದ ಗೊತ್ತು. 2005ರಲ್ಲಿ ಗ್ಲೇಜರ್‌ಗಳ ಮೇಲೆ ಸಿಟ್ಟಾಗಿ ಹೊರಬಂದ ಮ್ಯಾಂಚೆಸ್ಟರಿನ ಅಭಿಮಾನಿಗಳು ಎಫ್‌ಸಿ ಯುನೈಟೆಡ್ ಎಂಬ ಸಣ್ಣ ಕ್ಲಬ್ ಕಟ್ಟಿದಾಗ ಬರೆದುಕೊಂಡದ್ದೂ ಇದೇ ನಿಯಮವನ್ನು. ಸದಸ್ಯರಿಂದ ಷೇರು ಹಣ ಕೂಡಿಸಿ, 2015ರಲ್ಲಿ ಸ್ವಂತ ಮೈದಾನವನ್ನೂ ತೆರೆದರು. ಕೆಳಗಿನ ದರ್ಜೆಯಲ್ಲಿ ಆಡುತ್ತಾರೆ, ಅದು ಬೇರೆ ಮಾತು.

ಆಡಳಿತ ಅಭಿಮಾನಿಯ ಕೈ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಪದೇ ಪದೇ ಹೇಳುವ ಕಥೆ ಇಂಗ್ಲೆಂಡಿನದೇ ಆದ ಬ್ರೈಟನ್ ಕ್ಲಬ್ಬಿನದು. ಕ್ಲಬ್ ಮುಚ್ಚಿದರೆ ಅದರ ಆಸ್ತಿಯಿಂದ ನಿರ್ದೇಶಕರು ಲಾಭ ಮಾಡಿಕೊಳ್ಳುವಂತಿಲ್ಲ ಎಂಬ ಒಂದು ನಿಯಮ ಅದರ ನಿಯಮಾವಳಿಯಲ್ಲಿತ್ತು. ತೊಂಬತ್ತರ ದಶಕದಲ್ಲಿ ಆ ನಿಯಮ ಸದ್ದಿಲ್ಲದೆ ಮಾಯವಾಯಿತು, ಅಭಿಮಾನಿಗಳ ಕಣ್ಣಿಗೆ ಬಿದ್ದ ಮೇಲೆ ಗಲಾಟೆಯಾಗಿ ಮತ್ತೆ ಸೇರಿತು. ಅಷ್ಟರಲ್ಲಿ ಕ್ಲಬ್ಬಿನ ಗೋಲ್ಡ್‌ಸ್ಟೋನ್ ಮೈದಾನ ಮಾರಾಟವಾಗಿತ್ತು. 1997ರಲ್ಲಿ ಅಲ್ಲಿ ಕೊನೆಯ ಪಂದ್ಯ ಮುಗಿಸಿದ ತಂಡ ಎರಡು ವರ್ಷ ಬೇರೆ ಊರಿನಲ್ಲಿ ಆಡಿತು, ಆಮೇಲೆ ಅಥ್ಲೆಟಿಕ್ಸ್ ಟ್ರ್ಯಾಕಿನ ನಡುವೆ ದಿನ ದೂಡಿತು, ಸ್ವಂತ ಮೈದಾನ ಸಿಕ್ಕಿದ್ದು 2011ರಲ್ಲಿ. ಬೈಲಾ ತಿದ್ದುಪಡಿ ಎಂಬ ವಿಷಯ ಕಾರ್ಯಸೂಚಿಯ ಕೊನೆಯಲ್ಲಿ, ಊಟದ ಎಲೆ ಹಾಕುವ ಹೊತ್ತಿಗೆ ಬಂದರೆ ನನ್ನ ಕಿವಿ ನೆಟ್ಟಗಾಗುವುದು ಸುಮ್ಮನೆ ಅಲ್ಲ.

ಇದಕ್ಕೆ ತದ್ವಿರುದ್ಧ ಲಂಡನ್ನಿನ ಚೆಲ್ಸಿ ಕ್ಲಬ್ಬಿನಲ್ಲಿ ನಡೆದದ್ದು. ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದ ನೆಲ ಬಿಲ್ಡರ್‌ಗಳ ಪಾಲಾಗುವ ಹಂತಕ್ಕೆ ಹೋಗಿ ಬಚಾವಾದ ಮೇಲೆ, ಅದರ ಒಡೆತನವನ್ನು ಅಭಿಮಾನಿಗಳೇ ಷೇರು ಹಾಕಿದ 'ಚೆಲ್ಸಿ ಪಿಚ್ ಓನರ್ಸ್' ಎಂಬ ಸಂಸ್ಥೆಯ ಹೆಸರಿಗೆ ಮಾಡಿದರು. ಚೆಲ್ಸಿ ಎಂಬ ಹೆಸರನ್ನೂ ಆ ನೆಲಕ್ಕೇ ಕಟ್ಟಿಹಾಕಿದರು, ಅಂದರೆ ನೆಲ ಬಿಟ್ಟರೆ ಹೆಸರೂ ಇಲ್ಲ. 2011ರಲ್ಲಿ ಕ್ಲಬ್ ಆ ನೆಲವನ್ನು ವಾಪಸ್ ಕೇಳಿತು. ಆಗಿನ ಮಾಲೀಕ ಅಬ್ರಮೋವಿಚ್ ಅವರಿಗೆ ಹಣದ ಕೊರತೆ ಇರಲಿಲ್ಲ, ಅಭಿಮಾನಿಗಳಿಗೆ ಅವರ ಮೇಲೆ ಸಿಟ್ಟೂ ಇರಲಿಲ್ಲ. ಆದರೂ ಬೇಕಿದ್ದ ಶೇ. 75ರಷ್ಟು ಮತ ಬೀಳಲಿಲ್ಲ, 62ರ ಆಸುಪಾಸಿಗೆ ನಿಂತಿತು. ಅಭಿಮಾನಿಯ ಹತ್ತಿರ ಉತಾರ ಇದ್ದರೆ ಕೋಟ್ಯಧಿಪತಿಯೂ ಬಾಗಿಲಲ್ಲಿ ನಿಂತು ಕೇಳಬೇಕಾಗುತ್ತದೆ. ಇಂಗ್ಲೆಂಡಿನ ಮೈದಾನದ ಜಗಳಗಳಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಇದು, ಅದೂ ನಮ್ಮ ಎದುರಾಳಿ ಚೆಲ್ಸಿಯಲ್ಲಿ ಎಂಬುದೇ ಸಂಕಟ.

ಸದಸ್ಯರ ಕೈಗೆ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ಮಾತ್ರ ನಾನು ಹೇಳುವುದಿಲ್ಲ. ನಮ್ಮ ವಾರ್ಷಿಕ ಮಹಾಸಭೆಗೆ ಬರುವವರಲ್ಲಿ ಅರ್ಧ ಜನ ಗೋಧಿ ಹುಗ್ಗಿಯ ಹೊತ್ತಿಗೆ ಬರುತ್ತಾರೆ, ಲೆಕ್ಕಪತ್ರ ಓದುವಾಗ ಪೆಂಡಾಲಿನಲ್ಲಿ ಇರುವವರು ಕಡಿಮೆ. ಸ್ಪೇನಿನ ಬಾರ್ಸಿಲೋನಾ ಸದಸ್ಯರದೇ ಕ್ಲಬ್, ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರೆ. ಅದರ ಮೈದಾನ ಕ್ಯಾಂಪ್ ನೌ ನವೀಕರಣಕ್ಕೆ 2014ರಲ್ಲಿ ಅವರು ಒಪ್ಪಿಗೆ ಕೊಟ್ಟಾಗ ಯೋಜನೆ 60 ಕೋಟಿ ಯೂರೊದ್ದು. 2021ರಲ್ಲಿ ಮತ್ತೆ ಮತ ಹಾಕಿದಾಗ 150 ಕೋಟಿ. 2024ರ ಕೊನೆಗೆ ಹಿಂದಿರುಗಬೇಕಿದ್ದ ತಂಡ ಹಿಂದಿರುಗಿದ್ದು 2025ರ ನವೆಂಬರ್‌ನಲ್ಲಿ, ಅದೂ ಕೆಲಸ ಪೂರ್ತಿ ಮುಗಿಯುವ ಮುನ್ನ. ಆದರೆ ಅಲ್ಲಿ ಸಾಲ ಎಷ್ಟು ಎಂದು ಎದ್ದು ನಿಂತು ಕೇಳುವ ಹಕ್ಕು ಸದಸ್ಯನಿಗಿದೆ, ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸುವ ಹಕ್ಕೂ ಇದೆ. ಜರ್ಮನಿಯಲ್ಲಿ 1998ರಿಂದ ಇರುವ ನಿಯಮದಂತೆ, ಒಂದೆರಡು ವಿನಾಯಿತಿ ಬಿಟ್ಟರೆ, ಮತದ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದ ಬಳಿಯೇ ಇರಬೇಕು. ಬರ್ಲಿನ್ನಿನ ಯೂನಿಯನ್ ಕ್ಲಬ್ಬಿನ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು 2008-09ರಲ್ಲಿ ತಮ್ಮ ಮೈದಾನಕ್ಕೆ ಸುಮಾರು 1,40,000 ಗಂಟೆ ಶ್ರಮದಾನ ಮಾಡಿದರು, 2011ರಲ್ಲಿ ಅದರ ಷೇರನ್ನೂ ಕೊಂಡರು. ಈ ಸುದ್ದಿ ಹೇಳಿದ ದಿನ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ನಂತರ ಸಿಮೆಂಟ್ ಕಲಿಸಲು ತಾವೂ ಮ್ಯಾಂಚೆಸ್ಟರಿಗೆ ಹೋಗಲು ಸಿದ್ಧ, ವೀಸಾ ಮಾಡಿಸಿ ಎಂದರು.

ಇಂಗ್ಲೆಂಡಿನಲ್ಲೂ 2025ರ ಜುಲೈಯಲ್ಲಿ ಕಾನೂನು ಬಂದಿದೆ. ಮೇಲಿನ ಐದು ದರ್ಜೆಗಳ ಕ್ಲಬ್‌ಗಳಿಗೆ ಸ್ವತಂತ್ರ ನಿಯಂತ್ರಕ. ಅದರ ಒಪ್ಪಿಗೆಯಿಲ್ಲದೆ ಮೈದಾನ ಮಾರುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಅಭಿಮಾನಿಗಳ ಜೊತೆ ಸಮಾಲೋಚನೆ ಕಡ್ಡಾಯ. ಸಮಾಲೋಚನೆ ಎಂದರೆ ಮತವಲ್ಲ ಎಂಬುದನ್ನು ನಾನು ಹುಡುಗರಿಗೆ ಎಷ್ಟು ಸಲ ಹೇಳಿದರೂ ಕಡಿಮೆ. ಕೇಳಿಸಿಕೊಂಡು ಟಿಪ್ಪಣಿ ಬರೆದು ಕಡತದಲ್ಲಿ ಇಡುವುದೂ ಸಮಾಲೋಚನೆಯೇ.

ನಮ್ಮ ದೇಶದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಕ್ಲಬ್‌ಗಳಿಗೆ ಸ್ವಂತ ನೆಲವೇ ಅಪರೂಪ. ಕೋಲ್ಕತ್ತದ ಮೈದಾನ್ ಸೇನೆಯ ಸುಪರ್ದಿಯಲ್ಲಿದೆ, ಬೆಂಗಳೂರು ಎಫ್‌ಸಿ ಆಡುವ ಕಂಠೀರವ ರಾಜ್ಯ ಸರ್ಕಾರದ್ದು. ನೆಲದ ಜಗಳ ಇಲ್ಲದ ಕಡೆ ಹೆಸರಿನ ಜಗಳ ಬರುತ್ತದೆ: 2020ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನ ಹೆಸರಿಗೆ ಎಟಿಕೆ ಎಂಬ ಇನ್ನೊಂದು ಕ್ಲಬ್ಬಿನ ಹೆಸರು ಅಂಟಿಕೊಂಡಾಗ ಅಭಿಮಾನಿಗಳು ಬೀದಿಗಿಳಿದರು, 2023ರಲ್ಲಿ ಅದು ಕಳಚಿತು. ಇನ್ನು ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಹೊಸ ರೂಪ ಕೊಡುವ ಕೆಲಸವನ್ನು ಕೈಗೆತ್ತಿಕೊಂಡದ್ದು ಸ್ಮಾರ್ಟ್ ಸಿಟಿ ಯೋಜನೆ. ಆ ಯೋಜನೆಯನ್ನು ನಡೆಸಿದ್ದು ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲು ಷೇರು ಹೊಂದಿರುವ ಒಂದು ಕಂಪನಿ. ಬೆಳಿಗ್ಗೆ ಅಲ್ಲಿ ಚೆಂಡು ಒದೆಯುವ ಹುಡುಗರಲ್ಲಿ ಈ ಕಂಪನಿಯ ರಚನೆ ಗೊತ್ತಿರುವವರು ಎಷ್ಟು ಜನ ಎಂದು ನಾನು ಕೇಳಿ ನೋಡಿದ್ದೇನೆ. ಗ್ಲೇಜರ್ ಹೆಸರು ಎಲ್ಲರಿಗೂ ಗೊತ್ತಿತ್ತು.

ಹಾಗಾದರೆ ಹೊಸ ಓಲ್ಡ್ ಟ್ರಾಫರ್ಡ್ ಬೇಡವೇ ಎಂದು ನೀವು ಮರುಪ್ರಶ್ನೆ ಹಾಕುತ್ತೀರಿ. ಬೇಕು. ಆದರೆ ಕಟ್ಟುವ ಸಾಲದ ಬೋಜಾ ಮತ್ತೆ ಕ್ಲಬ್ಬಿನ ಮೇಲೆಯೇ ಏರಿ, ಬೆಲೆ ಏರಿದ ಮೇಲೆ ಮಾಲೀಕರು ಪಾಲು ಮಾರಿ ಹೊರಟುಹೋಗುವಂತಿದ್ದರೆ ಬೇಡ. ಹೊಸ ನೆಲವನ್ನು ಕ್ಲಬ್ಬಿನಿಂದ ಬೇರ್ಪಡಿಸಿ ಇನ್ನಾವುದೋ ಕಂಪನಿಯ ಹೆಸರಿಗೆ ಬರೆಯದಂತೆ ಕಟ್ಟುಪಾಡು ಇರಬೇಕು, ಮ್ಯಾಂಚೆಸ್ಟರಿನ ಸಾಮಾನ್ಯ ಕೆಲಸಗಾರ ಮಗುವಿನ ಜೊತೆ ಬಂದು ಕೂರುವ ದರದಲ್ಲಿ ಇಂತಿಷ್ಟು ಸಾವಿರ ಆಸನ ಎಂದು ಮೊದಲೇ ಬರೆದುಕೊಡಬೇಕು. ಇಷ್ಟು ಕಾಗದದ ಮೇಲೆ ಬಂದರೆ ನಾನು ಎಂಜಿನಿಯರಿಂಗ್ ಹುಡುಗರ ಪಕ್ಷ, ಕಾಕಾ ನನ್ನ ಜೊತೆ ಮಾತು ಬಿಟ್ಟರೂ ಸರಿ. ಸದ್ಯಕ್ಕೆ ನಾನು ನೋಡಿರುವುದು ಬಣ್ಣದ ಚಿತ್ರಗಳನ್ನು ಮಾತ್ರ.